ಕಲಿಯುವ ರಿಮೋಟಿನ ಮೆಮೊರಿಯಲ್ಲಿ ಇನ್ಫ್ರಾರೆಡ್ ಸಂಕೇತಗಳು ಯಾವ ರೂಪದಲ್ಲಿರುತ್ತವೆ?

ಪ್ರಶ್ನೆ

ನಮಸ್ಕಾರ. ಬೇರೆ ರಿಮೋಟುಗಳ ಸಂಕೇತಗಳನ್ನು ಗ್ರಹಿಸಿ ನೆನಪಿಟ್ಟುಕೊಳ್ಳುವ 40 ಗುಂಡಿಗಳ ಒಂದು ರಿಮೋಟ್ ನನ್ನ ಬಳಿ ಇದೆ. ಅದಕ್ಕೆ ಕಲಿಸಲು ಬಳಸಿದ ಮೂಲ ರಿಮೋಟುಗಳಲ್ಲಿ ಹಲವು ಈಗ ಕೆಟ್ಟುಹೋಗಿರುವುದರಿಂದ ಆ ಸಂಕೇತಗಳು ಉಳಿದಿರುವುದು ಈ ಒಂದೇ ಸಾಧನದಲ್ಲಿ. ಅವುಗಳನ್ನು ಕಂಪ್ಯೂಟರಿಗೆ ತೆಗೆದು ಅರ್ಥವಾಗುವ ರೂಪದಲ್ಲಿ ಕಾಪಾಡಿಕೊಳ್ಳಬೇಕು, ಸಾಧ್ಯವಾದರೆ ಅದೇ ಮಾದರಿಯ ಇನ್ನೊಂದು ರಿಮೋಟಿಗೆ ಬರೆಯಬೇಕು ಎಂಬುದು ನನ್ನ ಉದ್ದೇಶ. ಸಂಗ್ರಹದ ಸ್ವರೂಪವನ್ನು ತಯಾರಕರು ಪ್ರಕಟಿಸಿಲ್ಲ.

ಒಳಗೆ ಒಂದು ಮೈಕ್ರೊಕಂಟ್ರೋಲರ್ ಮತ್ತು 24ಸಿ32 ಇಇಪ್ರಾಮ್ (ವಿದ್ಯುತ್ ಇಲ್ಲದಾಗಲೂ ದತ್ತಾಂಶ ಉಳಿಸಿಕೊಳ್ಳುವ ಮೆಮೊರಿ ಚಿಪ್ಪು) ಇವೆ; ಅಂದರೆ ಒಟ್ಟು 4096 ಬೈಟುಗಳು. ಬ್ಯಾಟರಿ ತೆಗೆದು, ಮೈಕ್ರೊಕಂಟ್ರೋಲರನ್ನು ರೀಸೆಟ್ ಸ್ಥಿತಿಯಲ್ಲಿ ಹಿಡಿದು, ಚಿಪ್ಪಿಗೆ ಕ್ಲಿಪ್ ಹಾಕಿ ಪೂರ್ತಿ ಓದಿಕೊಂಡಿದ್ದೇನೆ. ಎರಡು ಬಾರಿ ಓದಿದ ಕಡತಗಳು ಒಂದೇ ಆಗಿರುವುದರಿಂದ ಓದುವಿಕೆಯ ಬಗ್ಗೆ ಸಂಶಯವಿಲ್ಲ.

ಏನೂ ಕಲಿಸದ ಹೊಸ ರಿಮೋಟಿಗೆ, ಕೆಲಸ ಮಾಡುತ್ತಿರುವ ಒಂದು ಟಿವಿ ರಿಮೋಟಿನ ಒಂದೇ ಗುಂಡಿಯನ್ನು ಕಲಿಸಿ, ಮೊದಲಿನ ಮತ್ತು ನಂತರದ ಕಡತಗಳನ್ನು ಹೋಲಿಸಿದೆ. ವಿಳಾಸ 8ರಿಂದ 87ರವರೆಗಿನ 80 ಬೈಟುಗಳೆಲ್ಲ ಮೊದಲು 255 ಆಗಿದ್ದವು. ಕಲಿಸಿದ ಮೇಲೆ ಅವುಗಳಲ್ಲಿ ಎರಡು ಮಾತ್ರ 0, 96 ಎಂದು ಬದಲಾದವು. ವಿಳಾಸ 6 ಮತ್ತು 7ರಲ್ಲಿ 0, 96 ಇದ್ದದ್ದು 0, 152 ಆಯಿತು. ವಿಳಾಸ 96ರಿಂದ 56 ಬೈಟುಗಳ ಹೊಸ ದತ್ತಾಂಶ ಸೇರಿತು. ದಶಮಾನದಲ್ಲಿ ಅದು ಹೀಗಿದೆ:

56, 105, 7, 34, 2, 4, 101, 2, 50, 0, 70, 0, 211, 19, 128, 1, 25, 46, 248, 1,

ಇದರ ಬಳಿಕ 32 ಸ್ಥಾನಗಳಲ್ಲಿ 34 ಮತ್ತು 35 ಮಾತ್ರ, ಬೇರೆ ಬೇರೆ ಕ್ರಮದಲ್ಲಿ, ತಲಾ 16 ಬಾರಿ ಬರುತ್ತವೆ. ಕೊನೆಯಲ್ಲಿ 36, 5, 38, 11 ಇವೆ.

ನನಗೆ ಬಿಡಿಸಲಾಗದೆ ಉಳಿದಿರುವ ತೊಡಕು ಮುಂದಿನದು. ಅದೇ ಗುಂಡಿಯನ್ನು ಮತ್ತೊಮ್ಮೆ ಕಲಿಸಿದಾಗ 152ನೆಯ ವಿಳಾಸದಿಂದ ಹೊಸ ದಾಖಲೆ ಬರುತ್ತದೆ, ಆದರೆ ಅದು ಮೊದಲಿನದರ ತದ್ರೂಪವಲ್ಲ. 101 ಇದ್ದಲ್ಲಿ 102, 70 ಇದ್ದಲ್ಲಿ 71, 128 ಇದ್ದಲ್ಲಿ 130, 25 ಇದ್ದಲ್ಲಿ 24, ಮತ್ತು ಕೊನೆಯ 11ರ ಬದಲು 8 ಇದೆ. ಉಳಿದ ಎಲ್ಲ ಬೈಟುಗಳೂ ಹಾಗೆಯೇ ಇವೆ. ಒಂದೇ ಸಂಕೇತಕ್ಕೆ ಎರಡು ರೂಪಗಳಿರುವುದಾದರೆ ಇದು ಯಾವುದಾದರೂ ಗೂಢಲಿಪೀಕರಣವೇ? ಈ ಬೈಟುಗಳನ್ನು ಯಾವ ಕ್ರಮದಲ್ಲಿ ಬಿಡಿಸಬೇಕು?

ಮೊದಲ ಉತ್ತರ

ಗೂಢಲಿಪೀಕರಣವಲ್ಲ. ಗೂಢಲಿಪಿಯಾಗಿದ್ದರೆ ಎರಡನೆಯ ಬಾರಿ ಕಲಿಸಿದಾಗ ದಾಖಲೆಯ ಹೆಚ್ಚಿನ ಬೈಟುಗಳು ಗುರುತು ಸಿಗದಂತೆ ಬದಲಾಗಬೇಕಿತ್ತು. ಇಲ್ಲಿ ನಾಲ್ಕು ಬೈಟುಗಳು ಒಂದೆರಡು ಅಂಕಿಯಷ್ಟೇ ಅತ್ತಿತ್ತ ಸರಿದಿವೆ; ಅಳತೆ ಮಾಡಿದ ಬೆಲೆಗಳು ಹೀಗೆಯೇ ವರ್ತಿಸುತ್ತವೆ. ಸಾಧನವು ಬೆಳಕಿನ ಮಿಡಿತಗಳ ಕಾಲವನ್ನು ಅಳೆದು ಬರೆದಿಟ್ಟಿದೆ, ಅಳತೆಯಲ್ಲಿ ಪ್ರತಿಸಲವೂ ಸ್ವಲ್ಪ ವ್ಯತ್ಯಾಸ ಬಂದಿದೆ ಎಂದು ಹಿಡಿದು ಮುಂದುವರಿಯೋಣ.

ದಾಖಲೆಯ ಕೊನೆಯ ಭಾಗವನ್ನು ದಶಮಾನದಲ್ಲಿ ನೋಡುವುದರಿಂದಲೇ ಅದರ ರಚನೆ ಕಣ್ಣಿಗೆ ಬೀಳುತ್ತಿಲ್ಲ. ಅದನ್ನೇ ಹೆಕ್ಸಾಡೆಸಿಮಲ್‌ನಲ್ಲಿ ಬರೆಯಿರಿ: 1 ಎಂಬುದು 01 ಆಗುತ್ತದೆ, 34 ಮತ್ತು 35 ಕ್ರಮವಾಗಿ 22 ಮತ್ತು 23 ಆಗುತ್ತವೆ, ಆಮೇಲಿನ 36, 5, 38 ಇವು 24, 05, 26 ಆಗುತ್ತವೆ. ಪ್ರತಿ ಬೈಟನ್ನೂ ಎರಡು ಅರೆಬೈಟುಗಳಾಗಿ ಓದಿದರೆ 0ರಿಂದ 6ರವರೆಗಿನ ಏಳು ಅಂಕಿಗಳು ಮಾತ್ರ ಇಡೀ ಭಾಗದಲ್ಲಿ ಕಾಣುತ್ತವೆ. ನಿಮ್ಮ ದಾಖಲೆಯ ಮೂರನೆಯ ಬೈಟು 7 ಆಗಿರುವುದು ಕಾಕತಾಳೀಯವಲ್ಲ. ಐದು ಬೈಟುಗಳ ತಲೆಭಾಗ ಮುಗಿದ ಮೇಲೆ ಬರುವ 14 ಬೈಟುಗಳು ಎರಡೆರಡು ಬೈಟುಗಳ ಏಳು ಸಂಖ್ಯೆಗಳು, ಅಂದರೆ ಈ ಸಂಕೇತದಲ್ಲಿ ಬರುವ ಬೇರೆ ಬೇರೆ ಅವಧಿಗಳ ಒಂದು ಪಟ್ಟಿ. ಕೊನೆಯ ಭಾಗದ ಪ್ರತಿ ಅರೆಬೈಟೂ ಆ ಪಟ್ಟಿಯ ಒಂದು ಸಾಲನ್ನು ತೋರಿಸುತ್ತದೆ. ಮೊದಲ ಅರೆಬೈಟು ಬೆಳಕು ಇರುವ ಅವಧಿ, ಎರಡನೆಯದು ಅದರ ಬೆನ್ನಿಗೆ ಬರುವ ವಿರಾಮ.

ಪಟ್ಟಿಯ ಸಂಖ್ಯೆಗಳನ್ನು ದೊಡ್ಡ ಬೈಟು ಮೊದಲು ಎಂಬ ಕ್ರಮದಲ್ಲಿ ಓದಿದರೆ 1125, 562, 70, 211, 4992, 281, 12024 ಸಿಗುತ್ತವೆ. ಪ್ರತಿಯೊಂದನ್ನೂ 8 ಮೈಕ್ರೊಸೆಕೆಂಡಿನಿಂದ ಗುಣಿಸಿ. ಮೊದಲನೆಯದು 9 ಮಿಲಿಸೆಕೆಂಡು, ಎರಡನೆಯದು ಸುಮಾರು 4.5 ಮಿಲಿಸೆಕೆಂಡು, ಮೂರನೆಯದು 560 ಮೈಕ್ರೊಸೆಕೆಂಡು, ನಾಲ್ಕನೆಯದು 1688 ಮೈಕ್ರೊಸೆಕೆಂಡು. ರಿಮೋಟುಗಳೊಂದಿಗೆ ಕೆಲಸ ಮಾಡಿದವರಿಗೆ ಈ ನಾಲ್ಕು ಅಂಕಿಗಳು ಸಾಕು: ಇದು ಎನ್ಇಸಿ ಪ್ರೋಟೋಕಾಲ್. ಅದರಲ್ಲಿ 9 ಮಿಲಿಸೆಕೆಂಡಿನ ಮಿಡಿತ ಮತ್ತು 4.5 ಮಿಲಿಸೆಕೆಂಡಿನ ವಿರಾಮದಿಂದ ಆರಂಭವಾಗಿ 32 ಬಿಟ್‌ಗಳು ಬರುತ್ತವೆ. ಪ್ರತಿ ಬಿಟ್ಟಿನಲ್ಲೂ ಮಿಡಿತ 562.5 ಮೈಕ್ರೊಸೆಕೆಂಡು, ವಿರಾಮ ಸೊನ್ನೆಗೆ ಅಷ್ಟೇ, ಒಂದಕ್ಕೆ ಅದರ ಮೂರರಷ್ಟು. ಸೊನ್ನೆಯ ಮಿಡಿತವೂ ವಿರಾಮವೂ ಒಂದೇ ಅಳತೆಯಾದ್ದರಿಂದ ಪಟ್ಟಿಯಲ್ಲಿ ಅದಕ್ಕೆ ಒಂದೇ ಸಾಲು, ಹಾಗಾಗಿಯೇ 22. ವಿಳಾಸ ಮತ್ತು ಆದೇಶಗಳ ತಲಾ 8 ಬಿಟ್‌ಗಳ ಜೊತೆಗೆ ಅವುಗಳ ವಿಲೋಮವನ್ನೂ ಕಳುಹಿಸುವುದರಿಂದ ಸೊನ್ನೆಗಳೂ ಒಂದುಗಳೂ ಯಾವಾಗಲೂ 16 ಆಗಿರುತ್ತವೆ. ಬಿಟ್‌ಗಳನ್ನು ಓದುವಾಗ ಅತಿ ಕಡಿಮೆ ಬೆಲೆಯ ಬಿಟ್ಟು ಮೊದಲು ಬರುತ್ತದೆ ಎಂಬುದನ್ನು ಮರೆಯದಿರಿ.

ಐದನೆಯ ಸಾಲು ಸುಮಾರು 40 ಮಿಲಿಸೆಕೆಂಡು. ಎನ್ಇಸಿ ಸಂದೇಶ ಮುಗಿಯಲು 68 ಮಿಲಿಸೆಕೆಂಡು ಬೇಕು, ಆವರ್ತನೆಯ ಅಂತರ 108 ಮಿಲಿಸೆಕೆಂಡು. ಇವೆರಡರ ವ್ಯತ್ಯಾಸವೇ ಈ ವಿರಾಮ. ಗುಂಡಿಯನ್ನು ಒತ್ತಿಹಿಡಿದಾಗ ಎನ್ಇಸಿ ಪೂರ್ತಿ ಸಂದೇಶವನ್ನು ಮತ್ತೆ ಕಳುಹಿಸದೆ 9 ಮತ್ತು 2.25 ಮಿಲಿಸೆಕೆಂಡಿನ ಒಂದು ಚಿಕ್ಕ ಸೂಚನೆಯನ್ನು ಮಾತ್ರ ಕಳುಹಿಸುತ್ತದೆ. ಕೊನೆಯ 05 ಮತ್ತು 26 ಅದೇ. ಈಗ ತಲೆಭಾಗದ 34 ಮತ್ತು 2 ಏನೆಂಬುದೂ ತಿಳಿಯುತ್ತದೆ: ಒಮ್ಮೆ ಮಾತ್ರ ಕಳುಹಿಸಬೇಕಾದ ಜೋಡಿಗಳು 34, ಮತ್ತೆ ಮತ್ತೆ ಕಳುಹಿಸಬೇಕಾದವು 2. ತಲೆಭಾಗದ ಈ 34ಕ್ಕೂ ಕೊನೆಯ ಭಾಗದಲ್ಲಿ ಹಲವು ಸಲ ಬರುವ 34ಕ್ಕೂ ಸಂಬಂಧವಿಲ್ಲ, ಎರಡನ್ನೂ ಬೆರೆಸಬೇಡಿ.

105 ವಾಹಕ ತರಂಗದ, ಅಂದರೆ ಪ್ರತಿ ಮಿಡಿತದ ಒಳಗೆ ಬೆಳಕು ವೇಗವಾಗಿ ಮಿನುಗುವುದರ, ಆವರ್ತ ಕಾಲವಿರಬೇಕು. 38 ಕಿಲೊಹರ್ಟ್ಸ್‌ನ ಒಂದು ಆವರ್ತಕ್ಕೆ 26.3 ಮೈಕ್ರೊಸೆಕೆಂಡು ಹಿಡಿಯುತ್ತದೆ. ಅದನ್ನು 4 ಮೆಗಾಹರ್ಟ್ಸ್ ಗಡಿಯಾರದಿಂದ ಎಣಿಸಿದರೆ 105 ಬರುತ್ತದೆ. ಅದೇ ಗಡಿಯಾರವನ್ನು 32ರಿಂದ ಭಾಗಿಸಿದರೆ ಅವಧಿಗಳ 8 ಮೈಕ್ರೊಸೆಕೆಂಡಿನ ಮಾನವೂ ಸಿಗುವುದರಿಂದ ಈ ಎರಡು ಊಹೆಗಳು ಒಂದನ್ನೊಂದು ಬಲಪಡಿಸುತ್ತವೆ.

ಇಷ್ಟು ಸುತ್ತುಬಳಸಿನ ವ್ಯವಸ್ಥೆ ಏಕೆ ಬೇಕಾಯಿತು ಎಂಬುದಕ್ಕೆ ಚಿಪ್ಪಿನ ಗಾತ್ರವೇ ಉತ್ತರ. 36 ಜೋಡಿಗಳ 72 ಅವಧಿಗಳನ್ನು ಎರಡೆರಡು ಬೈಟುಗಳಲ್ಲಿ ನೇರವಾಗಿ ಬರೆದಿದ್ದರೆ ಒಂದು ಗುಂಡಿಗೆ 144 ಬೈಟುಗಳು, 40 ಗುಂಡಿಗಳಿಗೆ 5760 ಬೈಟುಗಳು ಬೇಕಾಗುತ್ತಿದ್ದವು, ಇರುವುದು 4096.

ಈ ಓದು ಸರಿಯಿದೆಯೇ ಎಂದು ತಿಳಿಯಲು, ಇನ್ನೂ ನೋಡದ ದಾಖಲೆಯೊಂದು ಹೇಗಿರಬೇಕೆಂದು ಮೊದಲೇ ಹೇಳಿ ಆಮೇಲೆ ಪರೀಕ್ಷಿಸುವುದು ಒಳ್ಳೆಯದು. ಸೋನಿಯ 12 ಬಿಟ್ ರಿಮೋಟ್ ಸಿಕ್ಕರೆ ಒಂದು ಗುಂಡಿಯನ್ನು ಕಲಿಸಿ. ಅದರ ವಾಹಕ 40 ಕಿಲೊಹರ್ಟ್ಸ್. ಆರಂಭದ ಮಿಡಿತ 2.4 ಮಿಲಿಸೆಕೆಂಡು, ಸೊನ್ನೆ 0.6, ಒಂದು 1.2, ನಡುವಿನ ವಿರಾಮ 0.6, ಒತ್ತಿಹಿಡಿದರೆ ಪೂರ್ತಿ ಸಂದೇಶವೇ ಮತ್ತೆ ಬರುತ್ತದೆ. ಆದ್ದರಿಂದ ತಲೆಭಾಗ 27, 100, 4, 0, 13 ಎಂದಿರಬೇಕು, ಪಟ್ಟಿಯಲ್ಲಿ 300, 75, 150ರ ಆಸುಪಾಸಿನ ಸಂಖ್ಯೆಗಳು ಮತ್ತು ಒಂದು ಉದ್ದನೆಯ ವಿರಾಮ ಇರಬೇಕು.

ಎರಡನೆಯ ಉತ್ತರ

ಮೇಲಿನ ವಿವರಣೆಯಲ್ಲಿ ಕೊನೆಯ ಬೈಟು ಬಾಕಿ ಉಳಿದಿದೆ. ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟರೆ ಅದರ ಅರ್ಥವೂ ಬಿಡಿಸಿಕೊಳ್ಳುತ್ತದೆ. ನಡುವಿನ ನಾಲ್ಕು ಬೈಟುಗಳು 1, 1 ಮತ್ತು 2ರಷ್ಟು ಹೆಚ್ಚಿ 1ರಷ್ಟು ತಗ್ಗಿವೆ, ಒಟ್ಟು ಏರಿಕೆ 3. ಕೊನೆಯ ಬೈಟು 11ರಿಂದ 8ಕ್ಕೆ, ಅಂದರೆ ಸರಿಯಾಗಿ 3ರಷ್ಟು ಇಳಿದಿದೆ. ದಾಖಲೆಯ 56 ಬೈಟುಗಳನ್ನೂ ಕೂಡಿಸಿದರೆ 2304, ಅದು 256ರ ಒಂಬತ್ತು ಪಟ್ಟು. ಎಲ್ಲ ಬೈಟುಗಳ ಮೊತ್ತ 256ರಿಂದ ಶೇಷವಿಲ್ಲದೆ ಭಾಗವಾಗುವಂತೆ ಕೊನೆಯ ಬೈಟನ್ನು ಆರಿಸಲಾಗಿದೆ; ತಪ್ಪು ಪತ್ತೆಹಚ್ಚಲು ಇಡುವ ಇಂಥ ಬೈಟೇ ಚೆಕ್‌ಸಮ್. ಉದ್ದ ಹೇಳುವ ಮೊದಲ ಬೈಟನ್ನು ಬಿಟ್ಟು ಕೂಡಿಸಿದರೆ ಹೀಗೆ ಆಗುವುದಿಲ್ಲವಾದ್ದರಿಂದ ಅದೂ ಲೆಕ್ಕದಲ್ಲಿ ಸೇರಿದೆ. ಬೈಟುಗಳನ್ನು ಎಕ್ಸ್‌ಆರ್ ಮಾಡುವ (ಬಿಟ್ಟಿಗೆ ಬಿಟ್ಟು ಹೋಲಿಸಿ, ಬೇರೆಯಿದ್ದಲ್ಲಿ 1 ಇಡುವ) ವಿಧಾನವಾಗಿದ್ದರೆ ಎರಡನೆಯ ದಾಖಲೆ 10ರಲ್ಲಿ ಮುಗಿಯಬೇಕಿತ್ತು, 8ರಲ್ಲಲ್ಲ; ಆ ಸಾಧ್ಯತೆಯನ್ನು ಕೈಬಿಡಬಹುದು.

ಇದೇ ಹಾದಿಯಲ್ಲಿ ಬೇರೆ ಸಾಧನಗಳನ್ನು ಬಿಡಿಸಲು ಹೊರಡುವವರಿಗೆ ಒಂದು ಎಚ್ಚರಿಕೆ ಹೇಳಬೇಕು, ಏಕೆಂದರೆ ಇಲ್ಲಿ ದಾರಿ ತಪ್ಪುವುದು ಬಹಳ ಸುಲಭ. ಚೆಕ್‌ಸಮ್ ಹುಡುಕಲು ಒಂದೇ ಎನ್ಇಸಿ ರಿಮೋಟಿನ ಬೇರೆ ಬೇರೆ ಗುಂಡಿಗಳನ್ನು ಕಲಿಸಿ ಹೋಲಿಸಬೇಡಿ. ಆದೇಶದ ಒಂದು ಬಿಟ್ಟು ಸೊನ್ನೆಯಿಂದ ಒಂದಾದರೆ ಅದರ ವಿಲೋಮ ಬಿಟ್ಟು ಒಂದರಿಂದ ಸೊನ್ನೆಯಾಗುತ್ತದೆ. ಒಂದು 22 ಹೋಗಿ 23 ಬಂದರೆ ಇನ್ನೆಲ್ಲೋ ಒಂದು 23 ಹೋಗಿ 22 ಬರುತ್ತದೆ. ಮೊತ್ತವೂ ಬದಲಾಗುವುದಿಲ್ಲ, ಎಕ್ಸ್‌ಆರ್ ಕೂಡ ಬದಲಾಗುವುದಿಲ್ಲ. ಅದನ್ನು ನೋಡಿ, ಚೆಕ್‌ಸಮ್ ಸಂದೇಶದ ಭಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುವ ಅಪಾಯವಿದೆ.

ಆದ್ದರಿಂದ ಕಲಿಸುವ ಸಂಕೇತವನ್ನೇ ನಾವು ತಯಾರಿಸಿಕೊಳ್ಳುವುದು ಮೇಲು. ಒಂದು ಆರ್ಡುಯಿನೊ (ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ಸರ್ಕ್ಯೂಟ್ ಫಲಕ) ಮತ್ತು ಇನ್ಫ್ರಾರೆಡ್ ಎಲ್ಇಡಿ ಇದ್ದರೆ ಬೇಕಾದ ಅವಧಿಗಳ ಸರಣಿಯನ್ನು ಬೇಕಾದ ವಾಹಕದ ಮೇಲೆ ಕಳುಹಿಸಬಹುದು. ಈ ರಿಮೋಟು ಸಂದೇಶದ ಅರ್ಥವನ್ನು ನೋಡದೆ ಅವಧಿಗಳನ್ನಷ್ಟೇ ನೆನಪಿಡುವುದರಿಂದ ವಿಲೋಮದ ನಿಯಮ ಮುರಿದ ಸಂದೇಶವನ್ನೂ ತಕರಾರಿಲ್ಲದೆ ಕಲಿಯುತ್ತದೆ. ಒಂದೇ ಬಿಟ್ಟನ್ನು ಬದಲಿಸಿ ಕಲಿಸಿ, ಆಮೇಲೆ ಎರಡನ್ನು. ಹಾಗೆಯೇ ಅವಧಿಗಳನ್ನು ಮುಟ್ಟದೆ ವಾಹಕವನ್ನು ಮಾತ್ರ 36, 38, 40, 56 ಕಿಲೊಹರ್ಟ್ಸ್ ಎಂದು ಬದಲಿಸುತ್ತ ಹೋಗಿ. ಎರಡನೆಯ ಬೈಟು 111, 105, 100, 71ರ ಹತ್ತಿರ ಬರಬೇಕು. ಆರಂಭದ ಮಿಡಿತ 1125ರಲ್ಲೇ ನಿಂತರೆ ಅವಧಿಗಳು ಕಾಲದಲ್ಲಿ ದಾಖಲಾಗಿವೆ ಎಂದು ಖಚಿತವಾಗುತ್ತದೆ. ವಾಹಕದ ಆವರ್ತಗಳಲ್ಲಿ ಎಣಿಸುವ ಸಾಧನವಾಗಿದ್ದರೆ ಅದೇ 9 ಮಿಲಿಸೆಕೆಂಡು 324, 342, 360, 504 ಎಂದು ಏರುತ್ತ ಹೋಗುತ್ತಿತ್ತು. ಎರಡನೆಯ ಬೈಟು ವಾಹಕದ ಜೊತೆಗೆ ಬದಲಾಗುವುದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ: ಟಿವಿಗಳ ಒಳಗಿರುವ ಟಿಎಸ್ಒಪಿ38238ರಂಥ ಗ್ರಾಹಕಗಳು ವಾಹಕವನ್ನು ಸೋಸಿ ತೆಗೆದು ಮಿಡಿತದ ಹೊರರೇಖೆಯನ್ನು ಮಾತ್ರ ಕೊಡುತ್ತವೆ, ಆದ್ದರಿಂದ ಇದರಲ್ಲಿ ಟಿಎಸ್ಎಂಪಿ58000ದಂತೆ ವಾಹಕವನ್ನು ಹಾಗೆಯೇ ದಾಟಿಸುವ ಗ್ರಾಹಕವೋ ಬರಿಯ ಫೋಟೋಡಯೋಡೋ ಇರಬೇಕು.

ವಿಳಾಸ 6 ಮತ್ತು 7 ಮುಂದಿನ ಖಾಲಿ ಜಾಗವನ್ನು ತೋರಿಸುತ್ತವೆ ಎಂಬುದು 96ಕ್ಕೆ 56 ಸೇರಿ 152 ಆಗಿರುವುದರಿಂದಲೇ ಸ್ಪಷ್ಟ. 80 ಬೈಟುಗಳು 40 ಗುಂಡಿಗಳ ಸೂಚಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೋನಿ ರಿಮೋಟಿನ ಗುಂಡಿಯೊಂದನ್ನು ಕಲಿಸಿದಾಗ ತಲೆಭಾಗದ ಐದು ಬೈಟುಗಳು ಹೇಳಿದಂತೆಯೇ 27, 100, 4, 0, 13 ಎಂದು ಬಂದವು. ಪಟ್ಟಿಯಲ್ಲಿ 301, 74, 149 ಮತ್ತು ಒಂದು ಉದ್ದನೆಯ ವಿರಾಮ ಇವೆ. ಆರ್ಡುಯಿನೊದಿಂದ ವಾಹಕವನ್ನು ಬದಲಿಸಿ ನೋಡಿದಾಗ ಆರಂಭದ ಮಿಡಿತ 1125ರ ಆಸುಪಾಸಿನಲ್ಲೇ ನಿಂತಿತು. ಗುಂಡಿಯನ್ನು ಅಳಿಸಿದರೆ ಸೂಚಿಯ ಎರಡು ಬೈಟುಗಳು 255, 255 ಆಗುತ್ತವೆ, ದಾಖಲೆ ಮಾತ್ರ ಅಲ್ಲೇ ಇರುತ್ತದೆ. ಹೀಗಾಗಿ ಹಳೆಯ ರಿಮೋಟಿನ ಕಡತದಲ್ಲಿ, ಎಂದೋ ಅಳಿಸಿದ್ದ ಗುಂಡಿಗಳ ಸಂಕೇತಗಳೂ ನನಗೆ ಸಿಕ್ಕಿವೆ.

ಒಂದು ರಿಮೋಟು ಮಾತ್ರ ಈ ಚೌಕಟ್ಟಿಗೆ ಒಗ್ಗುತ್ತಿಲ್ಲ. ಅದು ಹಳೆಯ ಸಿಡಿ ಪ್ಲೇಯರೊಂದರದು. ಅದರ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಕಲಿಸಿದರೆ ಅವಧಿಗಳ ಪಟ್ಟಿಯಷ್ಟೇ ಅಲ್ಲ, ಅರೆಬೈಟುಗಳೂ ಬದಲಾಗುತ್ತವೆ. ದಾಖಲೆಯ ಉದ್ದವೇ ಒಂದು ಬೈಟು ಹೆಚ್ಚುಕಡಿಮೆಯಾಗುತ್ತದೆ. ಈ ಎರಡು ರೂಪಗಳು ಸರದಿಯಂತೆ ಬರುತ್ತವೆ, ಮೂರನೆಯದು ಬಂದಿಲ್ಲ. ಎರಡನೆಯ ಬೈಟು 111. ಪಟ್ಟಿಯಲ್ಲಿ 111, 222 ಮತ್ತು ಒಂದು ಉದ್ದನೆಯ ವಿರಾಮ. ಎರಡು ರೂಪಗಳ ಚೆಕ್‌ಸಮ್‌ಗಳೂ ಸರಿಯಾಗಿವೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಹೊಸ ರಿಮೋಟಿಗೆ ಬರೆಯುವಾಗ ಎಚ್ಚರ ವಹಿಸಬೇಕಾದ ಸಂಗತಿಗಳಿದ್ದರೆ ಅವನ್ನೂ ದಯವಿಟ್ಟು ತಿಳಿಸಿ.

ಮೂರನೆಯ ಉತ್ತರ

ಎರಡೂ ಸರಿಯಾದ ದಾಖಲೆಗಳೇ. ಇದು ಫಿಲಿಪ್ಸ್‌ನ ಆರ್‌ಸಿ5 ಪ್ರೋಟೋಕಾಲ್. ವಾಹಕ 36 ಕಿಲೊಹರ್ಟ್ಸ್ ಆದ್ದರಿಂದ ಎರಡನೆಯ ಬೈಟು 111. ಅರ್ಧ ಬಿಟ್ಟಿನ ಅವಧಿ 889 ಮೈಕ್ರೊಸೆಕೆಂಡು ಆದ್ದರಿಂದ, 8 ಮೈಕ್ರೊಸೆಕೆಂಡಿನ ಮಾನದಲ್ಲಿ ಅದೂ 111. ಒಂದೇ ಸಂಖ್ಯೆ ಎರಡು ಕಡೆ ಕಾಣಿಸಿಕೊಂಡಿರುವುದಕ್ಕೆ ಬೇರೆ ಅರ್ಥವಿಲ್ಲ. ಆರ್‌ಸಿ5ರಲ್ಲಿ ಮಿಡಿತದ ಉದ್ದ ಬಿಟ್ಟಿನ ಬೆಲೆಯನ್ನು ಹೇಳುವುದಿಲ್ಲ. ಬಿಟ್ಟಿನ ನಡುವೆ ಬೆಳಕು ಆರಿದ ಸ್ಥಿತಿಯಿಂದ ಹೊತ್ತಿದರೆ ಒಂದು, ಹೊತ್ತಿದ್ದು ಆರಿದರೆ ಸೊನ್ನೆ. ಅಕ್ಕಪಕ್ಕದ ಬಿಟ್‌ಗಳು ಬೇರೆಯಾಗಿದ್ದಾಗ ಎರಡು ಅರ್ಧಗಳು ಕೂಡಿಕೊಂಡು 222 ಆಗುತ್ತದೆ.

ಅದರ 14 ಬಿಟ್‌ಗಳಲ್ಲಿ ಮೊದಲೆರಡು ಆರಂಭದ ಬಿಟ್‌ಗಳು, ಮೂರನೆಯದು ಟಾಗಲ್ ಬಿಟ್, ನಂತರದ 5 ಸಾಧನದ ವಿಳಾಸ, ಕೊನೆಯ 6 ಆದೇಶ. ಗುಂಡಿಯನ್ನು ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಟಾಗಲ್ ಬಿಟ್ ತಿರುವುಮುರುವಾಗುತ್ತದೆ, ಒತ್ತಿಹಿಡಿದಿರುವವರೆಗೆ ಹಾಗೆಯೇ ಇರುತ್ತದೆ. ಹೊಸದಾಗಿ ಒತ್ತಿದ್ದೋ ಮೊದಲಿನದೇ ಮುಂದುವರಿದಿದೆಯೋ ಎಂಬುದನ್ನು ಸಾಧನವು ಇದರಿಂದಲೇ ತಿಳಿಯುತ್ತದೆ. ನಿಮಗೆ ಎರಡು ರೂಪಗಳು ಸರದಿಯಂತೆ ಸಿಗುವುದಕ್ಕೆ ಇದೇ ಕಾರಣ. ಉದ್ದ ಬದಲಾಗುವುದಕ್ಕೂ ವಿವರಣೆ ಇದೆ. ಸಿಡಿ ಪ್ಲೇಯರಿನ ವಿಳಾಸ 20, ಅದರ ಮೊದಲ ಬಿಟ್ಟು 1. ಟಾಗಲ್ ಬಿಟ್ಟಿನ ಎರಡೂ ಬದಿಯಲ್ಲಿ ಒಂದುಗಳೇ ಇರುವಾಗ ಅದೂ ಒಂದಾಗಿದ್ದರೆ ಮೂರೂ ಬೇರೆ ಬೇರೆ ಮಿಡಿತಗಳಾಗುತ್ತವೆ. ಅದು ಸೊನ್ನೆಯಾದರೆ ಎರಡೂ ಬದಿಯ ಅರ್ಧಗಳು ಅಂಟಿಕೊಂಡು ಒಂದು ಜೋಡಿ ಕಡಿಮೆಯಾಗುತ್ತದೆ. ವಿಳಾಸ 0 ಇರುವ ಟಿವಿಯ ರಿಮೋಟಿನಲ್ಲಿ ಅರೆಬೈಟುಗಳು ಬದಲಾಗುತ್ತಿದ್ದವು, ಉದ್ದ ಬದಲಾಗುತ್ತಿರಲಿಲ್ಲ.

ಕಲಿಯುವ ರಿಮೋಟು ಇದರಲ್ಲಿ ಯಾವುದೋ ಒಂದನ್ನು ಹಿಡಿದು ಎಂದಿಗೂ ಅದನ್ನೇ ಕಳುಹಿಸುವುದರಿಂದ, ಒಂದೇ ಗುಂಡಿಯನ್ನು ಬೇಗಬೇಗ ಎರಡು ಬಾರಿ ಒತ್ತಿದರೆ ಕೆಲವು ಸಾಧನಗಳು ಒಂದೇ ಬಾರಿ ಎಂದು ತಿಳಿಯುತ್ತವೆ. ಆದ್ದರಿಂದ ಕಂಪ್ಯೂಟರಿನಲ್ಲಿ ಎರಡೂ ರೂಪಗಳನ್ನು ಉಳಿಸಿಕೊಂಡು ಕಳುಹಿಸುವಾಗ ಅದಲುಬದಲು ಮಾಡಿ.

ಬರೆಯುವ ವಿಷಯಕ್ಕೆ ಬಂದರೆ, 24ಸಿ32ರ ಒಂದು ಪುಟ 32 ಬೈಟುಗಳು. ಪುಟದ ಗಡಿ ದಾಟಿ ಒಂದೇ ಉಸಿರಿಗೆ ಬರೆದರೆ ಮಿಕ್ಕ ಬೈಟುಗಳು ಮುಂದಿನ ಪುಟಕ್ಕೆ ಹೋಗದೆ ಅದೇ ಪುಟದ ಆರಂಭಕ್ಕೆ ಸುತ್ತಿಕೊಂಡು ಅಲ್ಲಿದ್ದುದನ್ನು ಅಳಿಸುತ್ತವೆ. 96ರಿಂದ 151ರವರೆಗಿನ ನಿಮ್ಮ ಮೊದಲ ದಾಖಲೆಯನ್ನು 127ರಲ್ಲಿ ಮುರಿದು ಎರಡು ಕಂತಿನಲ್ಲಿ ಬರೆಯಬೇಕು. ಪ್ರತಿ ಕಂತಿನ ನಂತರ ಚಿಪ್ಪು ಮತ್ತೆ ಉತ್ತರಿಸುವವರೆಗೆ ಕಾಯಬೇಕು. ಬರೆಯುವುದನ್ನು ತಡೆಯುವ ಪಿನ್ ಎತ್ತರದ ಮಟ್ಟದಲ್ಲಿದ್ದರೆ ಯಾವುದೂ ಬರೆಯಲ್ಪಡುವುದಿಲ್ಲ, ದೋಷವೂ ವರದಿಯಾಗದೆ ಇರಬಹುದು. ಹಾಗಾಗಿ ಬರೆದ ಮೇಲೆ ಪೂರ್ತಿ ಮತ್ತೆ ಓದಿ ಹೋಲಿಸಿ. ದಾಖಲೆಯೊಂದಿಗೆ ಸೂಚಿಯನ್ನೂ ವಿಳಾಸ 6 ಮತ್ತು 7ನ್ನೂ ತಿದ್ದದಿದ್ದರೆ, ಮುಂದಿನ ಬಾರಿ ಕಲಿಸುವಾಗ ಸಾಧನವು ನಿಮ್ಮ ದಾಖಲೆಯ ಮೇಲೆಯೇ ಬರೆಯುತ್ತದೆ.

ದಾಖಲೆಯ ಉದ್ದಕ್ಕೆ ಒಂದೇ ಬೈಟು ಇರುವುದರಿಂದ 255ಕ್ಕಿಂತ ದೊಡ್ಡ ದಾಖಲೆ ಇದರಲ್ಲಿ ಹಿಡಿಸುವುದಿಲ್ಲ. 250ಕ್ಕೂ ಹೆಚ್ಚು ಬಿಟ್‌ಗಳನ್ನು ಕಳುಹಿಸುವ ಏರ್ ಕಂಡಿಷನರ್ ರಿಮೋಟುಗಳಿವೆ. ಅವನ್ನು ಕಲಿಯಲು ಈ ಸಾಧನ ನಿರಾಕರಿಸಿದರೆ ದೋಷ ನಿಮ್ಮ ಕಡೆಯದಲ್ಲ.

ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲು ರಿಮೋಟ್ ಸಂಕೇತಗಳನ್ನು ಸಂಖ್ಯೆಗಳ (ಪದಗಳ) ಸಾಲಾಗಿ ಬರೆಯುವ ಪ್ರಾಂಟೊ ರೂಪವನ್ನು ನಾನು ಸೂಚಿಸುತ್ತೇನೆ, ಏಕೆಂದರೆ ಅದನ್ನು ಓದುವ ತಂತ್ರಾಂಶಗಳು ಬಹಳ ಇವೆ ಮತ್ತು ನಿಮ್ಮ ದಾಖಲೆಯ ತಲೆಭಾಗ ಅದಕ್ಕೆ ಬಹುತೇಕ ಹೊಂದುತ್ತದೆ. ಮೊದಲ ಪದ 0. ಎರಡನೆಯದು ವಾಹಕದ ಆವರ್ತ ಕಾಲ, 0.241246 ಮೈಕ್ರೊಸೆಕೆಂಡಿನ ಮಾನದಲ್ಲಿ. ನಿಮ್ಮ 105 ಅಲ್ಲಿ 109 ಆಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ಪದಗಳು ಒಮ್ಮೆ ಕಳುಹಿಸುವ ಹಾಗೂ ಪುನರಾವರ್ತಿಸುವ ಜೋಡಿಗಳ ಎಣಿಕೆ, ಅಂದರೆ ಅದೇ 34 ಮತ್ತು 2. ಆಮೇಲಿನ ಅವಧಿಗಳನ್ನು ಪ್ರಾಂಟೊ ವಾಹಕದ ಆವರ್ತಗಳಲ್ಲಿ ಎಣಿಸುವುದರಿಂದ, ಪಟ್ಟಿಯ ಸಂಖ್ಯೆಯನ್ನು 32ರಿಂದ ಗುಣಿಸಿ ಎರಡನೆಯ ಬೈಟಿನಿಂದ ಭಾಗಿಸಬೇಕು: 1125 ಎಂಬುದು 343 ಆಗುತ್ತದೆ, 70 ಎಂಬುದು 21. ಎಲ್ಲವನ್ನೂ ನಾಲ್ಕಂಕಿಯ ಹೆಕ್ಸಾಡೆಸಿಮಲ್‌ನಲ್ಲಿ ಬರೆಯಿರಿ. ಪರಿವರ್ತಿಸುವ ಮುನ್ನ ಪ್ರತಿ ದಾಖಲೆಯ ಮೊತ್ತ 256ರಿಂದ ಭಾಗವಾಗುತ್ತದೆಯೇ ಎಂದು ನೋಡಿಕೊಳ್ಳಿ. ಅಳಿಸಿದ ಗುಂಡಿಗಳಿಂದ ಸಿಕ್ಕ ದಾಖಲೆಗಳಲ್ಲಿ ಕೆಲವು ಅರ್ಧ ಮೇಲ್ಬರೆಯಲ್ಪಟ್ಟಿರಬಹುದು.